ಕೈಬಿಟ್ಟವರು, ಕೈಹಿಡಿದವರು

1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ತಮ್ಮನ್ನು ಕಂಗೆಡಿಸಿದ ಕೆಲವು ರೋಗಿಗಳ ಬಗ್ಗೆ ಒಂದು ಲೇಖನ ಬರೆದರು. ಫ್ರಾಯ್ಡ್ ಹಾಕಿಕೊಟ್ಟ ಪದ್ಧತಿಯಂತೆ ಮಂಚದ ಮೇಲೆ ಮಲಗಿಸಿ ಮಾತಾಡಿಸಿದರೆ ಉಳಿದವರಿಗೆ ಗುಣವಾಗುತ್ತಿತ್ತು. ಇವರು ಮಾತ್ರ ಇನ್ನಷ್ಟು ಕುಸಿಯುತ್ತಿದ್ದರು. ಚಿಕ್ಕ ಮಾತೂ ಅವರಿಗೆ ಆಳವಾಗಿ ನಾಟುತ್ತಿತ್ತು. ಇವರದು ಆತಂಕ, ಕಳವಳಗಳ ನ್ಯೂರೋಸಿಸ್ ಎನ್ನಲೂ ಆಗದೆ, ವಾಸ್ತವದ ಅರಿವೇ ತಪ್ಪುವ ಸೈಕೋಸಿಸ್ ಎನ್ನಲೂ ಆಗದೆ, ಎರಡರ ಗಡಿಯಲ್ಲಿರುವ ಗುಂಪು ಎಂದು ಸ್ಟರ್ನ್ ಕರೆದರು. ಇಂದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ, ಎಂದು ಫೈಲುಗಳಲ್ಲಿ ಬರೆಯುವ ಕಾಯಿಲೆಯ ಚರಿತ್ರೆ ಇಲ್ಲಿಂದ ಶುರುವಾಗುತ್ತದೆ. ಅಂದರೆ ಈ ಕಾಯಿಲೆ ವೈದ್ಯರ ಕಣ್ಣಿಗೆ ಬಿದ್ದದ್ದೇ ವೈದ್ಯ ಮತ್ತು ರೋಗಿಯ ನಡುವಿನ ಸಂಬಂಧ ಕೆಟ್ಟಾಗ.

ನಾನು ವೃತ್ತಿಯಿಂದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ರೋಗಿಯನ್ನು ಡಾಕ್ಟರು ನೋಡಿ ಮುಗಿಸಿದ ಮೇಲೆ ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು ನಿವೃತ್ತಿಯ ತನಕ ನನ್ನ ಕೆಲಸ. ಈ ಕಾಯಿಲೆಯವರ ತಂದೆ ತಾಯಿ, ಗಂಡ, ಅಕ್ಕ, ಅಣ್ಣ ಎಲ್ಲರೂ ನನ್ನ ಮುಂದೆ ಇಟ್ಟ ಪ್ರಶ್ನೆ ಒಂದೇ: "ಮೇಡಂ, ಇವಳು ನಾಟಕ ಮಾಡ್ತಿದ್ದಾಳೋ, ನಿಜವಾಗ್ಲೂ ಕಾಯಿಲೇನೋ? ಒಂದು ಮಾತು ಹೇಳಿಬಿಡಿ." ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಈ ಕಾಯಿಲೆಯ ಹಿಂದಿನ ದಾರಿಯನ್ನು ಓದುತ್ತ ಬಂದೆ. ಸುಮಾರು ತೊಂಬತ್ತು ವರ್ಷಗಳ ಈ ಚರಿತ್ರೆ ನನಗೆ ಹೇಳಿದ್ದು ಇಷ್ಟು: ರೋಗಿಯ ಕೈಬಿಟ್ಟವರು "ಇದು ವಾಸಿಯಾಗದ ಸ್ವಭಾವ" ಎಂದು ಬರೆದಿಟ್ಟರು, ಕೈಹಿಡಿದು ನಿಂತವರ ಕಣ್ಣೆದುರೇ ಅದೇ ರೋಗಿಗಳು ಚೇತರಿಸಿಕೊಂಡರು.

ಮೊದಲು ಕಾಯಿಲೆಯ ಚಹರೆ ಹೇಳಬೇಕು. ಇಂದು ವೈದ್ಯರು ಒಂಬತ್ತು ಲಕ್ಷಣಗಳನ್ನು ನೋಡುತ್ತಾರೆ, ಐದಾದರೂ ಇರಬೇಕು. ಪ್ರೀತಿಸಿದವರು ಬಿಟ್ಟುಹೋಗುತ್ತಾರೆಂಬ ತಾಳಲಾರದ ಭಯ. ಒಂದು ದಿನ ದೇವರಂತೆ ಕಂಡವರು ಮರುದಿನ ಶತ್ರುವಿನಂತೆ ಕಾಣುವ ಸಂಬಂಧಗಳು. ತಾನು ಯಾರು, ತನಗೇನು ಬೇಕು ಎಂಬುದೇ ನಿಲ್ಲದಿರುವುದು. ಹಣ, ಊಟ, ಕುಡಿತ, ಲೈಂಗಿಕತೆ ಇಂಥವುಗಳಲ್ಲಿ ದುಡುಕು. ತನ್ನನ್ನೇ ಗಾಯ ಮಾಡಿಕೊಳ್ಳುವುದು, ಸಾಯುವ ಪ್ರಯತ್ನ. ಗಂಟೆಗಂಟೆಗೂ ಬದಲಾಗುವ ಮನಸ್ಸು. ಒಳಗೆಲ್ಲ ಖಾಲಿ ಎಂಬ ಭಾವನೆ. ಹಿಡಿತಕ್ಕೆ ಸಿಗದ ಕೋಪ. ತೀರಾ ಒತ್ತಡವಾದಾಗ ಸ್ವಲ್ಪ ಹೊತ್ತು ಬರುವ ಸಂಶಯ, ಇಲ್ಲವೇ ತಾನು ತನ್ನಿಂದಲೇ ದೂರ ಸರಿದಂಥ ಸ್ಥಿತಿ. ನೂರು ಜನರಲ್ಲಿ ಒಬ್ಬರಿಬ್ಬರಿಗೆ ಇದು ಇರುತ್ತದೆ. ಆಸ್ಪತ್ರೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು; ಊರಿನಲ್ಲಿ ಮನೆಮನೆ ಸಮೀಕ್ಷೆ ಮಾಡಿದರೆ ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಗಂಡಸಾದರೆ ನಾವು ಅವನನ್ನು ಕುಡುಕ, ಮುಂಗೋಪಿ ಎಂದು ಕರೆದು ಆಸ್ಪತ್ರೆಗೆ ತರುವುದೇ ಇಲ್ಲ.

ಲಕ್ಷಣಗಳ ಪಟ್ಟಿ ಓದಿದವರಿಗೆ ಆ ಮನೆಯ ಸಂಜೆ ಹೇಗಿರುತ್ತದೆಂಬುದು ಗೊತ್ತಾಗದು. ನಾನು ಕೇಳಿದ ಎಷ್ಟೋ ಮನೆಗಳ ಮಾತನ್ನು ಗುರುತು ಸಿಗದಂತೆ ಸೇರಿಸಿ ಹೇಳುತ್ತೇನೆ. ಗಂಡ ಏಳಕ್ಕೆ ಬರುತ್ತೇನೆ ಎಂದಿದ್ದಾನೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಎಂಟಾಗಿದೆ, ಫೋನು ಬ್ಯಾಗಿನಲ್ಲಿದೆ. ಏಳೂ ಕಾಲಿಗೆ ಅವಳಿಗೆ ಚಿಂತೆ, ಏಳೂವರೆಗೆ "ಇವನಿಗೆ ನಾನು ಬೇಡವಾದೆ" ಎಂಬ ಖಾತ್ರಿ, ಎಂಟಕ್ಕೆ ಆತ ಬಾಗಿಲು ತೆಗೆಯುವಾಗ ತಟ್ಟೆ ಗೋಡೆಗೆ. ಅವನು ಹೆದರಿ ಅಮ್ಮನ ಮನೆಗೆ ಹೋಗುತ್ತಾನೆ. ಬಿಟ್ಟುಹೋಗುತ್ತಾನೆ ಎಂಬ ಭಯವೇ ಅವನನ್ನು ಹೊರಗೆ ಕಳಿಸಿತು. ರಾತ್ರಿ ಅವಳು ಮಾತ್ರೆ ನುಂಗಿದ್ದಾಳೆಂದು ಪಕ್ಕದ ಮನೆಯಿಂದ ಫೋನು. ಬೆಳಿಗ್ಗೆ ಕ್ಯಾಶುವಾಲಿಟಿಯಲ್ಲಿ ಅವಳೇ ಅವನ ಕೈ ಹಿಡಿದು, "ನೀವಿಲ್ಲದೆ ನಾನಿಲ್ಲ ಕಣ್ರೀ" ಎಂದು ಅಳುತ್ತಾಳೆ. ಎರಡೂ ನಿಜ. ರಾತ್ರಿಯ ಕೋಪವೂ ನಿಜ, ಬೆಳಗಿನ ಅಳುವೂ ನಿಜ. ಎರಡನ್ನೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಅವಳಿಗೆ ಆಗುವುದಿಲ್ಲ, ಕಷ್ಟವಿರುವುದು ಅಲ್ಲಿಯೇ.

ಈ ಕಷ್ಟವನ್ನು ಸ್ಪಷ್ಟವಾಗಿ ವಿವರಿಸಿದವರು ಆಟೋ ಕರ್ನ್‌ಬರ್ಗ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ತಂದೆ ತಾಯಿಯೊಡನೆ ಚಿಲಿ ದೇಶಕ್ಕೆ ತಪ್ಪಿಸಿಕೊಂಡು ಹೋಗಿ, ಅಲ್ಲೇ ವೈದ್ಯಕೀಯ ಕಲಿತು, ಮುಂದೆ ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿದ್ದ ಮೆನಿಂಜರ್ ಸಂಸ್ಥೆ ಸೇರಿದವರು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆಬೇರೆ ಮಾಡಿಟ್ಟುಕೊಳ್ಳುವುದು ಈ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಬಗೆ ಎಂದು 1967ರಲ್ಲಿ ಬರೆದರು. ಅವರಿಗಿಂತ ಮುಂಚೆ, 1953ರಲ್ಲಿ, ರಾಬರ್ಟ್ ನೈಟ್ ಎಂಬ ಹಿರಿಯ ವೈದ್ಯರು ತಮ್ಮ ಸಹೋದ್ಯೋಗಿಗಳನ್ನು ಎಚ್ಚರಿಸಿದ್ದರು: ಬಾರ್ಡರ್‌ಲೈನ್ ಎಂಬ ಹಣೆಪಟ್ಟಿ ರೋಗಿಯ ಸ್ಥಿತಿಗಿಂತ ವೈದ್ಯರ ಗೊಂದಲವನ್ನೇ ಹೆಚ್ಚು ತೋರಿಸುತ್ತದೆ ಎಂದು. ಆ ಎಚ್ಚರಿಕೆ ಬೇಕಾಗಿತ್ತು. ಆಗೆಲ್ಲ ಯಾರಿಗೆ ಏನೂ ತಿಳಿಯದಿದ್ದರೂ ಬಾರ್ಡರ್‌ಲೈನ್ ಎಂದು ಬರೆದುಬಿಡುವ ರೂಢಿ ಇತ್ತು.

ಗೊಂದಲ ಕಡಿಮೆಯಾದದ್ದು ಎರಡು ಹೆಜ್ಜೆಗಳಲ್ಲಿ. ಷಿಕಾಗೋದ ರಾಯ್ ಗ್ರಿಂಕರ್ ಮತ್ತು ಜೊತೆಯವರು ಸಿದ್ಧಾಂತ ಬದಿಗಿಟ್ಟು, ವಾರ್ಡಿನಲ್ಲಿದ್ದ ರೋಗಿಗಳು ದಿನವಿಡೀ ಹೇಗೆ ನಡೆದುಕೊಳ್ಳುತ್ತಾರೆಂದು ಗಮನಿಸಿ ಬರೆಸಿ, 1968ರಲ್ಲಿ ಪುಸ್ತಕ ತಂದರು. ಬಾಸ್ಟನ್ ಪಕ್ಕದ ಬೆಲ್ಮಾಂಟ್‌ನಲ್ಲಿರುವ ಮೆಕ್ಲೀನ್ ಆಸ್ಪತ್ರೆಯ ಜಾನ್ ಗುಂಡರ್ಸನ್, ಮನೋವಿಜ್ಞಾನಿ ಮಾರ್ಗರೆಟ್ ಸಿಂಗರ್ ಜೊತೆಗೂಡಿ, 1975ರಲ್ಲಿ ಈ ರೋಗಿಗಳನ್ನು ಗುರುತಿಸುವ ಚಹರೆಗಳನ್ನು ಒಂದು ಲೇಖನದಲ್ಲಿ ಜೋಡಿಸಿಕೊಟ್ಟರು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿ ಡಿಎಸ್‌ಎಂ-3ರಲ್ಲಿ ಈ ಕಾಯಿಲೆಗೆ ಮೊದಲ ಬಾರಿ ಜಾಗ ಸಿಕ್ಕಿತು.

ಹೆಸರು ಸಿಕ್ಕಿತು, ಜೊತೆಗೆ ತಿರಸ್ಕಾರವೂ ಸಿಕ್ಕಿತು. 1988ರಲ್ಲಿ ಬ್ರಿಟನ್ನಿನ ಗ್ಲಿನ್ ಲೂಯಿಸ್ ಮತ್ತು ಲೂಯಿಸ್ ಆಪಲ್‌ಬಿ ಒಂದು ಪರೀಕ್ಷೆ ನಡೆಸಿದರು. ಒಬ್ಬ ರೋಗಿಯ ಕಥೆಯನ್ನು ಬರೆದು ಮನೋವೈದ್ಯರಿಗೆ ಕಳಿಸಿದರು. ಕೆಲವರಿಗೆ ಕಳಿಸಿದ ಪ್ರತಿಯಲ್ಲಿ ಮಾತ್ರ "ಹಿಂದೆ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೇಳಲಾಗಿತ್ತು" ಎಂಬ ಮಾತು ಸೇರಿಸಿದ್ದರು. ಆ ಒಂದು ಸಾಲು ಓದಿದ ವೈದ್ಯರು ಅದೇ ರೋಗಿಯನ್ನು ಕಿರಿಕಿರಿಯ ಮನುಷ್ಯ, ಗಮನ ಸೆಳೆಯಲು ಹೀಗೆಲ್ಲ ಮಾಡುವವನು, ಚಿಕಿತ್ಸೆಗೆ ಅಷ್ಟೇನೂ ಅರ್ಹನಲ್ಲದವನು ಎಂದು ತೀರ್ಪು ಕೊಟ್ಟರು. ನಮ್ಮ ಊರಿನ ಮನೆಯವರು ಕೇಳಿದ "ನಾಟಕವೋ, ಕಾಯಿಲೆಯೋ" ಎಂಬ ಪ್ರಶ್ನೆ ಓದಿಕೊಂಡ ವೈದ್ಯರ ಮನಸ್ಸಿನಲ್ಲೂ ಇತ್ತೆಂಬುದಕ್ಕೆ ಇದು ಸಾಕ್ಷಿ. ವೈದ್ಯರೇ ಮುಖ ತಿರುಗಿಸಿದರೆ, ಬಿಟ್ಟುಹೋಗುತ್ತಾರೆಂಬ ಭಯವೇ ಮೂಲವಾದ ರೋಗಿಯ ಗತಿ ಏನು? ಭಯ ನಿಜವಾಯಿತು, ಗಾಯ ಹೆಚ್ಚಾಯಿತು, "ನೋಡಿ, ಇವರು ವಾಸಿಯಾಗುವುದಿಲ್ಲ" ಎಂದು ಫೈಲು ಮುಚ್ಚಲಾಯಿತು.

ಈ ಸುತ್ತನ್ನು ಮುರಿದವರಲ್ಲಿ ಮುಖ್ಯರು, ಸ್ವತಃ ಆ ಫೈಲಿನೊಳಗಿಂದ ಎದ್ದು ಬಂದ ಹೆಂಗಸು. ಓಕ್ಲಹೋಮಾದ ಟಲ್ಸಾದ ಮಾರ್ಷಾ ಲಿನೆಹಾನ್ ಅವರನ್ನು 1961ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತನ್ನನ್ನೇ ಗಾಯ ಮಾಡಿಕೊಳ್ಳುವುದು ನಿಲ್ಲುತ್ತಿರಲಿಲ್ಲ, ಒಂಟಿ ಕೋಣೆಯಲ್ಲಿಟ್ಟರು. ಸ್ಕಿಜೋಫ್ರೇನಿಯಾ ಎಂದರು, ಆ ಕಾಲದ ಮಾತ್ರೆ, ಕರೆಂಟು ಚಿಕಿತ್ಸೆ ಎಲ್ಲ ಕೊಟ್ಟರು. 26 ತಿಂಗಳ ನಂತರ 1963ರಲ್ಲಿ ಹೊರಬಂದಾಗಲೂ ಅವರು ವಾಸಿಯಾಗಿರಲಿಲ್ಲ. ನಾನು ಈ ನರಕದಿಂದ ಹೊರಬಂದು ಉಳಿದವರನ್ನೂ ಹೊರಗೆ ಕರೆತರುತ್ತೇನೆ ಎಂದು ಅವರು ಪ್ರತಿಜ್ಞೆ ಮಾಡಿಕೊಂಡಿದ್ದರು. ಷಿಕಾಗೋದಲ್ಲಿ ಓದಿ ಮನೋವಿಜ್ಞಾನಿಯಾಗಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ, ಸಾಯಬೇಕೆಂದು ಮತ್ತೆಮತ್ತೆ ಪ್ರಯತ್ನಿಸುವ ಹೆಂಗಸರೊಂದಿಗೇ ಕೆಲಸಕ್ಕೆ ಕೂತರು.

ಲಿನೆಹಾನ್ ಕಂಡುಕೊಂಡದ್ದು ಏನು? ರೋಗಿಗೆ "ನೀನು ಬದಲಾಗಬೇಕು" ಎಂದಷ್ಟೇ ಹೇಳಿದರೆ ಅವಳು ಕುಸಿಯುತ್ತಾಳೆ. "ನೀನು ಇದ್ದ ಹಾಗೇ ಸರಿ" ಎಂದಷ್ಟೇ ಹೇಳಿದರೆ ಅವಳ ಬದುಕು ಇದ್ದಲ್ಲೇ ಇರುತ್ತದೆ. ಎರಡನ್ನೂ ಒಟ್ಟಿಗೆ ಹೇಳಬೇಕು. ಈ ಜನರಿಗೆ ಮನಸ್ಸಿನ ಚರ್ಮವೇ ಸುಟ್ಟುಹೋಗಿದೆ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು ಎಂದು ಅವರು ವಿವರಿಸುತ್ತಿದ್ದರು. ಹುಟ್ಟಿನಿಂದ ಬಂದ ಈ ಸೂಕ್ಷ್ಮತೆಯ ಜೊತೆಗೆ, "ಅಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?" ಎಂದು ಸದಾ ಅವಳ ಅನುಭವವನ್ನೇ ಸುಳ್ಳು ಮಾಡುವ ಪರಿಸರ ಸೇರಿದರೆ ಕಾಯಿಲೆ ಬೆಳೆಯುತ್ತದೆ ಎಂದರು. ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ: ಈ ಕ್ಷಣದಲ್ಲಿ ನಿಲ್ಲುವುದು, ಕಷ್ಟದ ಗಳಿಗೆಯನ್ನು ಕೆಡಿಸಿಕೊಳ್ಳದೆ ದಾಟುವುದು, ಭಾವನೆಯನ್ನು ಪಳಗಿಸುವುದು, ಜನರೊಡನೆ ಬೇಡ ಬೇಕು ಹೇಳುವುದು. ನಡುವೆ ಕಷ್ಟವಾದರೆ ಫೋನು ಮಾಡಬಹುದು. ಚಿಕಿತ್ಸೆ ಕೊಡುವವರೂ ವಾರಕ್ಕೊಮ್ಮೆ ಸೇರಿ ಒಬ್ಬರನ್ನೊಬ್ಬರು ಎತ್ತಿಹಿಡಿಯಬೇಕು. ಇದಕ್ಕೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಡಿಬಿಟಿ, ಎಂದು ಹೆಸರು. 1991ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಡಿಬಿಟಿ ಪಡೆದವರು ತಮ್ಮನ್ನು ಗಾಯ ಮಾಡಿಕೊಳ್ಳುವುದು, ಚಿಕಿತ್ಸೆ ಬಿಟ್ಟುಹೋಗುವುದು, ಆಸ್ಪತ್ರೆಯಲ್ಲಿ ಮಲಗುವ ದಿನಗಳು ಎಲ್ಲವೂ ಉಳಿದವರಿಗಿಂತ ಕಡಿಮೆಯಾಗಿದ್ದವು. 2011ರಲ್ಲಿ ಲಿನೆಹಾನ್ ಅದೇ ಹಾರ್ಟ್‌ಫರ್ಡ್ ಆಸ್ಪತ್ರೆಗೆ ಹೋಗಿ, ಸಭಿಕರ ಮುಂದೆ, ತಾವು ಅಲ್ಲಿ ರೋಗಿಯಾಗಿದ್ದುದನ್ನು ಹೇಳಿದರು.

ಲಂಡನ್ನಿನಲ್ಲಿ ಆಂಥೊನಿ ಬೇಟ್‌ಮನ್ ಮತ್ತು ಪೀಟರ್ ಫೋನಗಿ ಇನ್ನೊಂದು ದಾರಿ ಕಟ್ಟಿ, 1999ರಲ್ಲಿ ಫಲ ತೋರಿಸಿದರು. ಎದುರಿನವರ ಮನಸ್ಸಿನಲ್ಲಿ ಏನಿರಬಹುದೆಂದು ಕೋಪದ ನಡುವೆಯೂ ಯೋಚಿಸುವ ಶಕ್ತಿಯನ್ನು ಬೆಳೆಸುವ ದಾರಿ ಅದು. ಈ ಕಾಯಿಲೆಗೆಂದೇ ಮಂಜೂರಾದ ಮಾತ್ರೆ ಇವತ್ತಿಗೂ ಇಲ್ಲ. ಫಲ ಕೊಟ್ಟ ಚಿಕಿತ್ಸೆಗಳೆಲ್ಲ ಒಬ್ಬ ಮನುಷ್ಯ ಇನ್ನೊಬ್ಬರ ಮುಂದೆ ನಿಯಮವಾಗಿ, ತಿಂಗಳುಗಟ್ಟಲೆ, ಕದಲದೆ ಕೂತು ಮಾಡಿದವು.

"ವಾಸಿಯಾಗದು" ಎಂಬ ಮಾತಿಗೆ ಪೂರ್ಣ ಉತ್ತರ ಮೆಕ್ಲೀನ್ ಆಸ್ಪತ್ರೆಯಿಂದಲೇ ಬಂತು. ಅಲ್ಲಿ ಮೇರಿ ಜಾನರಿನಿ 1992ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಆಸ್ಪತ್ರೆಗೆ ದಾಖಲಾಗುವಷ್ಟು ಕಾಯಿಲೆ ಇದ್ದ 290 ಬಾರ್ಡರ್‌ಲೈನ್ ರೋಗಿಗಳನ್ನು ಎರಡೆರಡು ವರ್ಷಕ್ಕೊಮ್ಮೆ ಭೇಟಿ ಮಾಡುತ್ತ ಹೋದರು. ಹತ್ತು ವರ್ಷಗಳ ಲೆಕ್ಕ 2010ರಲ್ಲಿ ಪ್ರಕಟವಾಯಿತು: ನೂರಕ್ಕೆ 93 ಜನರಲ್ಲಿ ಕನಿಷ್ಠ ಎರಡು ವರ್ಷ ಕಾಲ ಕಾಯಿಲೆಯ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಅದೇ ಲೆಕ್ಕದ ಇನ್ನೊಂದು ಭಾಗವನ್ನೂ ಹೇಳಬೇಕು: ಲಕ್ಷಣ ತಗ್ಗುವುದರ ಜೊತೆಗೆ ಕೆಲಸ, ಗೆಳೆತನ, ಸಂಬಂಧ ಇವೂ ನೆಲೆಗೊಂಡವರು ಅರ್ಧದಷ್ಟು ಮಾತ್ರ. ಗಾಯ ಮಾಡಿಕೊಳ್ಳುವುದು ಮೊದಲು ನಿಲ್ಲುತ್ತದೆ, ಬದುಕು ಕಟ್ಟಿಕೊಳ್ಳಲು ಹೆಚ್ಚು ಕಾಲ ಬೇಕು. ಆ ಕಾಲದಲ್ಲಿ ಜೊತೆಗಿರುವವರು ಮನೆಯವರು.

ಆದರೆ ಈ ಚರಿತ್ರೆಯಲ್ಲಿ ಮನೆಯವರಿಗೆ ಬಹುಕಾಲ ಸಿಕ್ಕಿದ್ದು ಆರೋಪಿಯ ಜಾಗ. 1975ರಲ್ಲಿ ಜೇಮ್ಸ್ ಮಾಸ್ಟರ್ಸನ್ ಮತ್ತು ಡೊನಾಲ್ಡ್ ರಿನ್ಸ್‌ಲಿ ಬರೆದ ಹೆಸರಾಂತ ಲೇಖನ ಈ ಕಾಯಿಲೆಯ ಮೂಲವನ್ನು ತಾಯಿಯಲ್ಲಿ ಹುಡುಕಿತು: ಮಗು ತನ್ನ ಕಾಲ ಮೇಲೆ ನಿಲ್ಲಲು ಹೊರಟಾಗ ತಾಯಿ ಮಮತೆ ಹಿಂತೆಗೆದುಕೊಂಡಳು ಎಂದು. 1989ರಲ್ಲಿ ಜೂಡಿತ್ ಹರ್ಮನ್ ಮತ್ತು ಸಂಗಡಿಗರು ಈ ರೋಗಿಗಳಲ್ಲಿ ಬಹಳ ಮಂದಿ ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಕಂಡವರೆಂದು ತೋರಿಸಿದರು. ಅದು ದೊಡ್ಡ ಸತ್ಯ, ಅದನ್ನು ಮುಚ್ಚಬಾರದು. ರೋಗಿ ಹೇಳಿದ್ದನ್ನು ನಂಬಬೇಕು. ಅಂಥ ಬಾಲ್ಯ ಇಲ್ಲದವರಿಗೂ ಈ ಕಾಯಿಲೆ ಬರುತ್ತದೆಂಬುದೂ ಅಷ್ಟೇ ಸತ್ಯ. ಎಲ್ಲ ತಾಯಂದಿರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದ್ದು ಅನ್ಯಾಯ.

1999ರಲ್ಲಿ ಜಿಲ್ ಹೂಲಿ ಮತ್ತು ಪೆರಿ ಹಾಫ್‌ಮನ್ ಪ್ರಕಟಿಸಿದ ಅಧ್ಯಯನ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸಿತು. ಸ್ಕಿಜೋಫ್ರೇನಿಯಾ ಇರುವವರ ಮನೆಯಲ್ಲಿ ಟೀಕೆ, ಹಗೆತನ, ಅತಿಯಾಗಿ ಹಚ್ಚಿಕೊಳ್ಳುವುದು ಇದ್ದರೆ ಕಾಯಿಲೆ ಮರುಕಳಿಸುತ್ತದೆಂದು ನಮಗೆಲ್ಲ ಪಾಠವಾಗಿತ್ತು. ಇವರು ಬಾರ್ಡರ್‌ಲೈನ್ ರೋಗಿಗಳನ್ನು ಬಿಡುಗಡೆಯ ನಂತರ ಒಂದು ವರ್ಷ ಗಮನಿಸಿದರು. ಮನೆಯವರು ಹೆಚ್ಚು ಹಚ್ಚಿಕೊಂಡಿದ್ದ ರೋಗಿಗಳು ಆಸ್ಪತ್ರೆಗೆ ಹಿಂತಿರುಗಿದ್ದು ಕಡಿಮೆ. ನಾವು "ಇಷ್ಟೊಂದು ಹಚ್ಚಿಕೊಳ್ಳಬೇಡಿ" ಎಂದು ಹೇಳುವ ಅಮ್ಮಂದಿರ ಅಕ್ಕರೆಯೇ ಈ ಕಾಯಿಲೆಯಲ್ಲಿ ಆಸರೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಹಾಫ್‌ಮನ್ ಮತ್ತು ಅಲನ್ ಫ್ರುಜೆಟ್ಟಿ ಫ್ಯಾಮಿಲಿ ಕನೆಕ್ಷನ್ಸ್ ಎಂಬ 12 ವಾರಗಳ ತರಗತಿ ಕಟ್ಟಿದರು. ತರಬೇತಿ ಪಡೆದ ಅಪ್ಪ ಅಮ್ಮಂದಿರೇ ಅಲ್ಲಿ ಇತರ ಅಪ್ಪ ಅಮ್ಮಂದಿರಿಗೆ ಪಾಠ ಹೇಳುತ್ತಾರೆ.

ಇಲ್ಲಿ ನಮ್ಮ ದೇಶದ ಚರಿತ್ರೆಯ ಒಂದು ಪುಟವನ್ನು ಹೆಮ್ಮೆಯಿಂದ ತೆರೆಯಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು, ಕಾಯಿಲೆಯ ಬಗ್ಗೆ ಅವರಿಗೆ ತಿಳಿಹೇಳಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜೊತೆ ಮನೆಯವರು ಇರುವುದೇ ಪದ್ಧತಿಯಾಯಿತು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಕೇಂದ್ರ ಬಂತು. ಆ ಡೇರೆಗಳು ಹುಟ್ಟಿದ್ದು ಬಹುಮಟ್ಟಿಗೆ ಬೇರೆ ಕಾಯಿಲೆಯವರಿಗಾಗಿ, ಸಿಬ್ಬಂದಿಯ ಕೊರತೆಯೂ ಅದಕ್ಕೊಂದು ಕಾರಣ. ಆದರೂ ರೋಗಿಯ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಬಂಧು ನಮ್ಮಲ್ಲಿ ಎಂದೂ ಹೊರಗಿನವರಾಗಲಿಲ್ಲ. ಬಾರ್ಡರ್‌ಲೈನ್ ಕಾಯಿಲೆಗೆ ಬೇಕಾದ ಅರ್ಧ ಬಂಡವಾಳ ನಮ್ಮ ವಾರ್ಡುಗಳಲ್ಲಿ ಮೊದಲಿನಿಂದಲೂ ಇತ್ತು; ಇಲ್ಲದಿದ್ದದ್ದು ಆ ಬಂಧುವಿಗೆ ಕಲಿಸುವ ಪಾಠ.

ನಮ್ಮ ಕಾನೂನು ಮಾತ್ರ ಈ ಮನೆಗಳನ್ನು ಬಹುಕಾಲ ಕಾಡಿತು. ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಸಾಯಲು ಪ್ರಯತ್ನಿಸುವುದು ಅಪರಾಧವಾಗಿತ್ತು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ಆಗುತ್ತದೆ, ಪೊಲೀಸರು ಬರುತ್ತಾರೆ, ನಾಳೆ ಮದುವೆಯಾಗಬೇಕಾದ ಹುಡುಗಿ ಎಂದು ಹೆದರಿದ ತಂದೆ ತಾಯಿ ಕ್ಯಾಶುವಾಲಿಟಿಯಲ್ಲಿ, "ತಲೆನೋವಿಗೆ ಅಂತ ಮಾತ್ರೆ ಸ್ವಲ್ಪ ಜಾಸ್ತಿ ತಗೊಂಡ್ಬಿಟ್ಲು ಸಾರ್" ಎನ್ನುತ್ತಿದ್ದರು. ಹೊಟ್ಟೆ ತೊಳೆಸಿ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಮನಸ್ಸಿನ ಡಾಕ್ಟರ ತನಕ ವಿಷಯ ಬರುತ್ತಲೇ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ಬದಲಿಸಿತು. ಅದರ 115ನೆಯ ಕಲಮು ಸಾಯಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದಾರೆಂದು ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೆಯ ಆ ಹಳೆಯ ಅಪರಾಧವನ್ನು ಉಳಿಸಿಕೊಳ್ಳಲಿಲ್ಲ. ಇನ್ನು ಸುಳ್ಳು ಹೇಳಬೇಕಾದ ಅಗತ್ಯವಿಲ್ಲವೆಂಬುದು ಎಲ್ಲ ಮನೆಗಳಿಗೂ ಮುಟ್ಟಬೇಕು.

ಮನೆಯವರಿಗೆ ನಾನು ಹೇಳುತ್ತಿದ್ದ ಮಾತುಗಳನ್ನು ಈ ಚರಿತ್ರೆಯಿಂದಲೇ ಎತ್ತಿಕೊಂಡಿದ್ದೆ. ಮಗಳು ಅತ್ತಾಗ "ಇದೇನು ಹೊಸದಾ ನಿಂದು?" ಎನ್ನುವ ಬದಲು, "ಪುಟ್ಟಾ, ನಿಂಗೆ ತುಂಬಾ ನೋವಾಗಿದೆ ಅಲ್ವಾ? ಹೇಳು, ಕೇಳ್ತೀನಿ" ಎನ್ನಿ. ನೋವನ್ನು ಒಪ್ಪಿದರೆ ಅವಳು ಮಾಡಿದ್ದನ್ನೆಲ್ಲ ಒಪ್ಪಿದಂತಲ್ಲ. ಹೊಡೆತವನ್ನು, ಬೈಗುಳವನ್ನು ಸಹಿಸಬೇಕಿಲ್ಲ; ಹೊರಗೆ ಹೋಗುವುದಾದರೆ "ಕೋಪ ಇಳೀಲಿ, ಒಂಬತ್ತು ಗಂಟೆಗೆ ಬರ್ತೀನಿ" ಎಂದು ಹೇಳಿ ಹೋಗಿ, ಒಂಬತ್ತಕ್ಕೆ ಬಂದೇ ಬನ್ನಿ. ಹೇಳಿದ ಹೊತ್ತಿಗೆ ಹಿಂತಿರುಗುವವರನ್ನು ಕಂಡು ಕಂಡು ಆ ಮನಸ್ಸು ನಂಬಿಕೆ ಕಲಿಯುತ್ತದೆ. ಕೆಲಸ ಸಿಕ್ಕಿತೆಂದೋ ಮದುವೆಯಾದರೆ ಸರಿಹೋಗುತ್ತಾಳೆಂದೋ ಚಿಕಿತ್ಸೆ ನಿಲ್ಲಿಸಬೇಡಿ. ಸಾಯುವ ಮಾತನ್ನು ಎಂದೂ ಬೆದರಿಕೆ ಎಂದು ತಳ್ಳಿಹಾಕಬೇಡಿ. ಈ ಕಾಯಿಲೆಯಲ್ಲಿ ನಿಜವಾಗಿಯೂ ಪ್ರಾಣ ಹೋಗುತ್ತದೆ. ಮನೆಯವರೂ ತಮಗಾಗಿ ಒಬ್ಬರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬೇಕು, ದಣಿದವರು ಬಹಳ ದಿನ ಇನ್ನೊಬ್ಬರನ್ನು ಹಿಡಿದು ನಿಲ್ಲಲಾರರು.

ಇನ್ನು "ನಾಟಕವೋ, ಕಾಯಿಲೆಯೋ" ಎಂದು ಕೇಳಿದವರಿಗೆಲ್ಲ ನನ್ನ ಉತ್ತರ: ಇದು ಕಾಯಿಲೆ, ವಾಸಿಯಾಗುವ ಕಾಯಿಲೆ, ಮತ್ತು ವಾಸಿಮಾಡುವವರಲ್ಲಿ ನೀವೂ ಒಬ್ಬರು. ನಮ್ಮ ರಾಜ್ಯದ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಈ ಕಾಯಿಲೆಯವರ ಮನೆಯವರಿಗೆ ಒಂದು ತರಗತಿ ನಡೆಯಬೇಕು, ಕನ್ನಡದಲ್ಲಿ ನಡೆಯಬೇಕು. ಅದಾಗುವ ತನಕ ಕಾಯಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಾಯುವ ಯೋಚನೆ ಬಂದಿದ್ದರೆ, ಅಥವಾ ಅಂಥವರನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯದಿದ್ದರೆ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.